ಆರು ಅಂಕಿ ಉಳಿಸಿದ ಅಕ್ಕ

ನಮ್ಮ ಪ್ರಯೋಗಾಲಯದಲ್ಲಿ ಆಕೆಯ ಹೆಸರು ‘ಇರಲಿ ಅಕ್ಕ’. ಲೋಟದ ಚಹಾವನ್ನೂ ಪೂರ್ತಿ ಕುಡಿಯದೆ “ಸ್ವಲ್ಪ ಇರಲಿ” ಎನ್ನುವ ಜೀವ. ಇಪ್ಪತ್ತೆಂಟು ವರ್ಷಗಳಿಂದ ಲೋಹದ ಪದರ ಹಾಕುವ ಯಂತ್ರದ ಏಕಚಕ್ರಾಧಿಪತಿ. ತಲೆಗೆ ಟೋಪಿ, ಕೈಗೆ ಗವಸು, ಕಾಲಿಗೆ ಕಾಗದದ ಚೀಲ ತೊಟ್ಟು ಆಕೆ ಗೆದ್ದ ಸಾಮ್ರಾಜ್ಯದ ದಪ್ಪ, ಕೂದಲೆಳೆಯ ಸಾವಿರದಲ್ಲೊಂದು ಪಾಲು!

ಆ ಪದರವನ್ನು ವಿಪರೀತ ಚಳಿಗೆ ಇಳಿಸಿದರೆ, ಉಷ್ಣತೆಯ ಒಂದು ಅಂಕಿಯಲ್ಲಿ ವಿದ್ಯುತ್ತು ತಡೆಯೇ ಇಲ್ಲದೆ ಹರಿಯತೊಡಗುತ್ತದೆ. ಬೆಳಕಿನ ಒಂದು ಕಣ ತಾಗಿದರೂ ತಡೆ ಮರಳುತ್ತದೆ. ಅದೇ ದೂರದರ್ಶಕದಲ್ಲಿ ನಕ್ಷತ್ರಗಳಿಗೆ ನಾವು ಒಡ್ಡುವ ಬಲೆ. ಪರಮ ಶೂನ್ಯದಿಂದ ಮೇಲಕ್ಕೆ ಡಿಗ್ರಿಯ ಸಾವಿರದಲ್ಲೊಂದು ಪಾಲಿನಲ್ಲಿ ಎಣಿಸಿದರೆ ಆ ಅಂಕಿ ನೂರಿರಬೇಕು. ಹೆಚ್ಚಿದ್ದರೆ ಒಲೆಯಲ್ಲಿ ಕಾಯಿಸಿ ಇಳಿಸಬಹುದು. ಕಡಿಮೆಯಾದರೆ ಬ್ರಹ್ಮ ಬಂದರೂ ಏರಿಸಲಾರ.

ಆದ್ದರಿಂದ ಅಕ್ಕ ಬೇಕೆಂದೇ ನೂರೈವತ್ತಕ್ಕೆ ಪದರ ಹಾಕಿ, ಎರಡೆರಡು ನಿಮಿಷ ಕಾಯಿಸಿ ಇಳಿಸುತ್ತಾಳೆ. ಪ್ರತಿ ಸಲವೂ ತಣಿಸಿ ಅಳೆಯಲು ಒಂದು ದಿನ. ಆಕೆಯ ಗಂಡ, ನಮಗೆಲ್ಲ ಭಾವ, ದರ್ಜಿ. ಪ್ಯಾಂಟಿನ ಕಾಲನ್ನು ಅವರೂ ಉದ್ದವೇ ಬಿಡುತ್ತಾರೆ. ಯಾರು ಯಾರಿಂದ ಕಲಿತರೆಂಬ ವ್ಯಾಜ್ಯ ಆ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಈ ಸಲ ಪದರ ಹಾಕಲು ಉಳಿದದ್ದು ಒಂದೇ ಬಿಲ್ಲೆ. ಅದೂ ಕೆಟ್ಟರೆ ದೂರದರ್ಶಕದ ಕೆಲಸ ಬೇರೆಯವರ ಪಾಲು, ಯಂತ್ರದ ಕೋಣೆಗೆ ಬೀಗ, ಅಕ್ಕ ಉಗ್ರಾಣಕ್ಕೆ. ಐದನೆಯ ದಿನ ಅಂಕಿ ನೂರಾ ಆರಕ್ಕೆ ಇಳಿಯಿತು. ಅಕ್ಕ ಒಲೆ ಆರಿಸಿಬಿಟ್ಟಳು.

ಮುಖ್ಯಸ್ಥರು ಓಡಿಬಂದರು. “ಏನಮ್ಮಾ ಇದು? ನೂರು ಅಂದ್ರೆ ನೂರು! ಇನ್ನೊಂದ್ಸಲ ಕಾಯ್ಸಿ.”

“ಇರಲಿ ಸಾರ್.”

“ಏನಿರಲಿ? ನಿಮ್ಮ ಯಜಮಾನ್ರು ಹೊಲಿಯೋ ಪ್ಯಾಂಟಾ ಇದು?”

“ಪ್ಯಾಂಟಾಗಿದ್ರೆ ಬಿಚ್ಚಿ ಹೊಲೀಬಹುದಿತ್ತು. ನಾಳೆ ಈ ಬಿಲ್ಲೇನ ತಾಮ್ರದ ಪೆಟ್ಟಿಗೆಗೆ ಅಂಟಿಸ್ತೀರಲ್ಲ, ಆ ಅಂಟು ಒಣಗ್ಸೋದೆಲ್ಲಿ?”

“ಒಲೇಲಿ.”

“ಅಂಟು ಮಾತ್ರ ಕಾಯ್ಸು, ಪದರದ ತಂಟೆಗೆ ಹೋಗ್ಬೇಡ ಅಂತ ಒಲೆಗೆ ಹೇಳಿದೀರಾ?”

ಮುಖ್ಯಸ್ಥರು ಹಳೆಯ ದಾಖಲೆ ಪುಸ್ತಕ ತಿರುವಿದರು. ಹೋದ ವರ್ಷ ಅಕ್ಕ ರಜೆಯಲ್ಲಿದ್ದಾಗ ಅವರೇ ಖುದ್ದಾಗಿ ಮೂರು ಬಿಲ್ಲೆಗಳನ್ನು ನೂರಕ್ಕೆ ಸರಿಯಾಗಿ ತಂದು, ಎಲ್ಲರಿಗೂ ಸಿಹಿ ಹಂಚಿ, ಆಮೇಲೆ ಅಂಟಿಸಿದ್ದರು. ಮೂರೂ ತೊಂಬತ್ತೈದರ ಕೆಳಗೆ ಬಿದ್ದಿದ್ದವು. ತಪ್ಪೆಲ್ಲ ಯಂತ್ರದ ತಲೆಗೆ ಕಟ್ಟಿದ್ದರು, ಪಾಪ.

“ಆಯ್ತು, ನೀವು ಹೇಳಿದ ಹಾಗೇ ಆಗ್ಲಿ” ಎಂದರು, ಅರ್ಧ ದನಿಯಲ್ಲಿ.

ಅಂಟಿಸಿ, ಒಣಗಿಸಿ, ತಣಿಸಿ ಅಳೆದಾಗ ಪರದೆಯ ಮೇಲೆ ನೂರು. ಅಕ್ಕ ಗವಸು ಕಳಚಿ, ಬೆವೆತ ಅಂಗೈಯನ್ನು ಸೀರೆಗೆ ಒರೆಸಿಕೊಂಡಳು. ಅಷ್ಟೂ ದಿನ ಆಕೆಯೂ ಹೆದರಿದ್ದಳೆಂದು ನಮಗೆ ಆಗಲೇ ತಿಳಿದದ್ದು.

ಕೋಣೆಯ ಬೀಗದಕೈ ಈಗಲೂ ಅಕ್ಕನ ಸೊಂಟದಲ್ಲಿದೆ. ಮುಖ್ಯಸ್ಥರು ಭಾವನ ಹತ್ತಿರ ಹೊಸ ಪ್ಯಾಂಟು ಹೊಲಿಸಿದ್ದಾರೆ. ಎರಡು ಬೆರಳು ಉದ್ದ ಬಂದಿದೆ. ತಕರಾರೆತ್ತುವ ಧೈರ್ಯ ಅವರಿಗಿಲ್ಲ.