ರುಚಿ ನೋಡದೆ ಮಾಡಿದ ರೋಸ್ಟು

ಬೆಳಿಗ್ಗೆಯಿಂದ ಮೂರು ಸಲ ಸೋಪು ಹಚ್ಚಿ ತೊಳೆದರೂ ನನ್ನ ಬೆರಳುಗಳಿಂದ ವಿನೆಗರ್ ಮತ್ತು ಬೆಳ್ಳುಳ್ಳಿಯ ವಾಸನೆ ಹೋಗಿಲ್ಲ. ನಿನ್ನೆ ಸಂಜೆ ಒಂದು ಕಿಲೋ ಹಂದಿ ಮಾಂಸಕ್ಕೆ ಮಸಾಲೆ ತಿಕ್ಕಿದ ಕೈ ಇದು. ತತ್ತಿಯ ಸಿಪ್ಪೆ ಅಂಗಳದಲ್ಲಿ ಕಂಡರೂ ನೀರು ಹಾಕಿ ತೊಳೆಯುತ್ತಿದ್ದ, ಹಣೆಗೆ ವಿಭೂತಿ ಇಲ್ಲದೆ ಊಟಕ್ಕೆ ಕೂಡದಿದ್ದ ಶಿರಗುಪ್ಪಿಯ ಮನೆಯೊಂದರಲ್ಲಿ ಹುಟ್ಟಿ ಬೆಳೆದ ಕೈಯೂ ಇದೇ. ಮೂವತ್ತೊಂದು ವರ್ಷದಿಂದ ಈ ಮನೆಯಲ್ಲಿ ರೋಸ್ಟು ಮಾಡುವವಳು ನಾನು. ತಿನ್ನುವವಳಲ್ಲ.

ವಾಸನೆಯ ಬಗ್ಗೆ ಗೊಣಗುತ್ತ ಕೂತಿದ್ದಾಗ ಮಡಗಾಂವಿನಿಂದ ನಾದಿನಿಯ ಫೋನು ಬಂತು. ಸ್ಲೋ ಕುಕ್ಕರ್ ಎಂಬ ಹೊಸ ಪಾತ್ರೆ ತೆಗೆದುಕೊಂಡಿದ್ದಾಳಂತೆ. "ವೈನಿ, ನೀವೂ ಒಂದು ತರಿಸ್ಕೋರಿ. ಎಲ್ಲಾ ಹಾಕಿ ಬಟನ್ ಒತ್ತಿ ಎಂಟು ತಾಸು ಮಲ್ಕೊಂಬಿಡ್ರಿ. ಬೆಣ್ಣಿ ಆಗಿರತೈತಿ," ಎಂದಳು. ಎಂಟು ತಾಸು ಮಲಗುವ ಭಾಗ ಮಾತ್ರ ನನಗೆ ಬಹಳ ಹಿಡಿಸಿತು. ಮಾಂಸದ ಮಾತು ಆಮೇಲೆ. ಈ ಒಂದು ವರ್ಷದಲ್ಲಿ ನಾನು ಒಂದೇ ಸಮನೆ ನಾಲ್ಕು ತಾಸು ಮಲಗಿದ್ದು ನೆನಪಿಲ್ಲ.

ಯಾಕೆಂದು ಹೇಳಿಬಿಡುತ್ತೇನೆ. ನಮ್ಮ ಮನೆಯವರಿಗೆ ಗಂಟಲಿನ ಕ್ಯಾನ್ಸರು. ಕರೆಂಟು ಕೊಡುವುದು ಎನ್ನುತ್ತಾರಲ್ಲ, ಆ ರೇಡಿಯೇಶನ್ನು ಮುಗಿದು ಐದು ತಿಂಗಳಾಯಿತು. ಗಡ್ಡೆ ಕರಗಿದೆ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಬಾಯಿ ಒಣಗಿಹೋಗಿದೆ, ಒಳಗೆ ಹುಣ್ಣು, ನುಂಗಿದರೆ ನೋವು. ರೈಲ್ವೆ ವರ್ಕ್‌ಶಾಪಿನಲ್ಲಿ ಕಬ್ಬಿಣ ಎತ್ತಿದ ಮನುಷ್ಯ ಈಗ ಅರ್ಧ ಬಟ್ಟಲು ಗಂಜಿಗೆ ಒಂದು ತಾಸು ತೆಗೆದುಕೊಳ್ಳುತ್ತಾರೆ. "ತೂಕ ಇನ್ನೂ ಇಳದ್ರ ಮೂಗಿನಿಂದ ನಳಿಗಿ ಹಾಕಬೇಕಾಗ್ತದ್ರಿ, ಬಾಯಿಂದನ ತಿನ್ನಿಸ್ರಿ," ಎಂದರು ಡಾಕ್ಟರು. ಅಂದಿನಿಂದ ನನ್ನ ಬದುಕು ಒಂದು ಚಮಚದಿಂದ ಇನ್ನೊಂದು ಚಮಚಕ್ಕೆ ನಡೆಯುತ್ತಿದೆ. ನನಗೆ ಸುಸ್ತಾಗಿದೆ ಎಂದು ಬರೆಯಲು ನಾಚಿಕೆಯೇನಿಲ್ಲ, ಆದರೆ ಬಾಯಿಬಿಟ್ಟು ಹೇಳಲು ಮನೆಯಲ್ಲಿ ಯಾರೂ ಇಲ್ಲ. ಇರುವವರು ಒಬ್ಬರೇ, ಅವರಿಗೆ ಹೇಳುವ ಹಾಗಿಲ್ಲ.

ಮದುವೆಯ ಕಥೆ ಉದ್ದ, ಅದನ್ನು ಬಿಡೋಣ. ಹುಬ್ಬಳ್ಳಿ-ಧಾರವಾಡದ ಬಸ್ಸಿನಲ್ಲಿ ಶುರುವಾಗಿ ರಿಜಿಸ್ಟ್ರಾರ್ ಕಚೇರಿಯಲ್ಲಿ ಮುಗಿದದ್ದು ಅಂದರೆ ಸಾಕು. ನಾನು ಆಗ ಧಾರವಾಡದ ಸಾಲಿಯೊಂದರಲ್ಲಿ ಮಾಸ್ತರಿಣಿ. ಇವರ ತಂದೆ ಗೋವಾದ ಕ್ರೈಸ್ತರು, ರೈಲ್ವೆ ನೌಕರಿಗೆಂದು ಬಂದು ಇಲ್ಲಿ ಹುಬ್ಬಳ್ಳಿಯಲ್ಲೇ ನಿಂತವರು. ಅತ್ತೆ ನನ್ನನ್ನು ಒಳಗೆ ಕರೆದುಕೊಂಡ ದಿನ ಅಡುಗೆಮನೆಯ ಒಂದು ಕಪಾಟು ತೆರವು ಮಾಡಿ, "ಇದು ನಿಂದು. ಇದರಾಗ ನಮ್ಮ ಮಾಂಸದ ಭಾಂಡಿ-ಪಾತ್ರಿ ಬರೂದಿಲ್ಲ," ಎಂದರು. ಅಷ್ಟು ದೊಡ್ಡ ಮಾತನ್ನು ನನ್ನ ತವರಿನವರು ಕೂಡ ಆ ದಿನಗಳಲ್ಲಿ ನನಗೆ ಆಡಿರಲಿಲ್ಲ. ಋಣ ತೀರಿಸುವ ಹುಮ್ಮಸ್ಸಿನಲ್ಲಿ ನಾನು, "ಅತ್ತಿ, ನಿಮ್ಮ ಅಡಗಿನೂ ನಾನ ಕಲಿತೇನಿ," ಎಂದುಬಿಟ್ಟೆ. ಇಪ್ಪತ್ತೆಂಟರ ವಯಸ್ಸು, ಏನು ಬೇಕಾದರೂ ಅನ್ನಿಸುತ್ತದೆ.

ಹೀಗೆ ಒಂದು ಕರಾರು ಆಯಿತು. ರೋಸ್ಟು ನಾನು ಮಾಡುವುದು, ರುಚಿ ಅತ್ತೆ ನೋಡುವುದು, ಆ ಪಾತ್ರೆ ಇವರು ತೊಳೆಯುವುದು. ಅತ್ತೆ ಹೋದ ಮೇಲೆ ರುಚಿಯ ಕೆಲಸವೂ ಇವರಿಗೇ ಬಂತು. ಚಮಚ ನಾಲಿಗೆಗೆ ತಾಗಿಸಿ ಒಂದು ಕ್ಷಣ ಕಣ್ಣು ಮುಚ್ಚಿ, "ಛಲೋ ಆಗೇತಿ," ಎನ್ನುತ್ತಿದ್ದರು. ಯಾವಾಗಲೂ ಅದೇ ಎರಡು ಮಾತು. ಬೇರೆ ಮಾತು ಬಂದಿದ್ದರೆ ಏನು ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ.

ಮೊದಲ ಸಲ ನಾನು ಮಾಡಿದ ಕಿತಾಪತಿ ಕೇಳಿ. ನಮ್ಮ ಕಡೆ ಬೇಯುವುದೆಲ್ಲ ಬೇಳೆಯೇ. ಹಾಗಾಗಿ ಮಾಂಸವನ್ನು ಪ್ರೆಶರ್ ಕುಕ್ಕರಿಗೆ ತುಂಬಿ ಎಂಟು ಸೀಟಿ ಹೊಡೆಸಿದೆ. ಹೊರಗೆ ಬಂದದ್ದು ಗೋಣಿ ನಾರು. ಅತ್ತೆ ಒಂದು ತುಂಡು ಕಚ್ಚಿ, ಹಲ್ಲಿನ ಸಂದಿಯಿಂದ ನಿಧಾನವಾಗಿ ಎಳೆದು ತೆಗೆಯುತ್ತ, "ಮಗಳ, ಇದು ತೊಗರಿಬ್ಯಾಳಿ ಅಲ್ಲವ್ವಾ. ಇದಕ್ಕ ಅವಸರ ಮಾಡಿದ್ರ ಸಿಟ್ಟು ಬರತೈತಿ," ಎಂದರು.

ಆಮೇಲೆ ಅವರು ಕಲಿಸಿದ್ದು ಹೀಗೆ. ಮೊದಲು, ತುಂಡು ಭುಜದ್ದಾಗಿರಬೇಕು, ಚರ್ಮದ ಕೆಳಗೆ ನೆಣ ಇರಬೇಕು. ನೆಣ ಇಲ್ಲದ ಚೊಕ್ಕ ತುಂಡು ನೋಡಲು ಚೆಂದ, ಬಾಯಿಗೆ ಕಟ್ಟಿಗೆ. ಹಿಂದಿನ ಸಂಜೆಯೇ ಉಪ್ಪು, ವಿನೆಗರ್, ಬೆಳ್ಳುಳ್ಳಿ, ಶುಂಠಿ, ಮೆಣಸು, ಲವಂಗ, ದಾಲ್ಚಿನ್ನಿ ಅರೆದು ತಿಕ್ಕಿ ಇಡಬೇಕು. ಉಪ್ಪು ಆಗ ಹಾಕಿದ್ದೇ ಹಾಕಿದ್ದು, ಆಮೇಲೆ ಮುಟ್ಟುವಂತಿಲ್ಲ. ಮರುದಿನ ದಪ್ಪ ತಳದ ಪಾತ್ರೆಯಲ್ಲಿ ಮಾಂಸವನ್ನು ಅದರದೇ ನೆಣದಲ್ಲಿ ನಾಲ್ಕೂ ಕಡೆ ಕೆಂಪಗೆ ಮಾಡಿ, ಒಂದು ಲೋಟ ಬಿಸಿನೀರು ಹಾಕಿ, ಮುಚ್ಚಳದ ಅಂಚಿಗೆ ಗೋಧಿ ಹಿಟ್ಟಿನ ಕಣಕ ಮೆತ್ತಿ, ಒಲೆಯ ಮೇಲೆ ರೊಟ್ಟಿಯ ಹಂಚು ಇಟ್ಟು ಅದರ ಮೇಲೆ ಪಾತ್ರೆ ಇಡಬೇಕು. ಉರಿ ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕು, ಅಷ್ಟು ಸಣ್ಣಗೆ. ಮೂರು ತಾಸು.

ನಮ್ಮ ಮನೆಯಲ್ಲಿ ಗೋಧಿ ಹಿಟ್ಟಿಗಿಂತ ಜೋಳದ ಹಿಟ್ಟು ಜಾಸ್ತಿ, ತವರಿನ ಚಾಳಿ. ಒಮ್ಮೆ ನಾನು ಅಂಚಿಗೆ ಜೋಳದ ಹಿಟ್ಟೇ ಮೆತ್ತಿದೆ. ಅದಕ್ಕೆ ಜಿಗುಟಿಲ್ಲ, ಒಣಗಿ ಬಿರಿಯುತ್ತದೆ. ಅತ್ತೆ ನಕ್ಕರು. ಆದರೆ ನೋಡಿ, ಸಣ್ಣ ಉರಿಯಲ್ಲಿ ಅದು ಬಿರಿಯಲು ಸರಿಯಾಗಿ ಎರಡು ತಾಸು ಬೇಕು. ಬಿರಿತ ಕಂಡಾಗ ಮುಚ್ಚಳ ತೆಗೆದು, ತುಂಡು ಮಗುಚಿ, ಬಟಾಟೆ ಹಾಕಿದರೆ ಆಯಿತು. ಆಮೇಲೆ ಅತ್ತೆಯೂ ಜೋಳದ ಹಿಟ್ಟನ್ನೇ ಕೇಳತೊಡಗಿದರು. ಕೊನೆಯ ತಾಸಿನಲ್ಲಿ ನೀರು ಇಂಗಿ ನೆಣ ಬಿಟ್ಟುಕೊಂಡಾಗ ಕುದಿಯುವ ಸದ್ದು ಹೋಗಿ ಹುರಿಯುವ ಸದ್ದು ಬರುತ್ತದೆ. ಕಡ್ಡಿ ಚುಚ್ಚಿದರೆ ತಡೆಯಿಲ್ಲದೆ ಇಳಿಯಬೇಕು. ಕೆಳಗಿಳಿಸಿ ಕಾಲು ತಾಸು ಬಿಟ್ಟು, ಎಳೆಗೆ ಅಡ್ಡವಾಗಿ ಕೊಯ್ಯಬೇಕು. ನಾಲಿಗೆ ಇಲ್ಲದ ಅಡುಗೆಯವಳು ನಾನು. ಕಿವಿ, ಮೂಗು, ಕಡ್ಡಿ ಇಷ್ಟರಲ್ಲೇ ಕಲಿತೆ.

ಪಕ್ಕದ ಮನೆ ಶಮೀಮ್ ಆಪಾ ಅವರದು. ಅವರ ಯಜಮಾನರಿಗೆ ಇಲ್ಲೇ ಗೋಕುಲ ರಸ್ತೆಯಲ್ಲಿ ಗ್ಯಾರೇಜು. ಅವರ ಪಡಸಾಲೆಗೆ ನಮ್ಮ ಅಡುಗೆಮನೆಯ ಕಿಟಕಿ ಎದುರು. ರೋಸ್ಟಿನ ದಿನ ನಾನು ಆ ಕಿಟಕಿ ಮುಚ್ಚುತ್ತಿದ್ದೆ. ಬಹಳ ವರ್ಷಗಳ ಮೇಲೆ ಒಂದು ದಿನ ಅವರೇ ಕಿಟಕಿ ಬಡಿದು, "ಟೀಚರ್, ಖಿಡಕಿ ಯಾಕ ಬಂದ್ ಮಾಡ್ತೀರಿ? ಅದರಕಿಂತ ಮೊದಲ ನೀವ ಬೆಂದು ಹೋಗ್ತೀರಿ," ಎಂದರು. ಅಂದಿನಿಂದ ಅರ್ಧ ತೆರೆದಿಡುತ್ತೇನೆ. ಒಬ್ಬರು ತಿನ್ನದವರು, ಇನ್ನೊಬ್ಬರು ಮುಟ್ಟದವರು, ನಾವಿಬ್ಬರೂ ಕಿಟಕಿಯ ಆಚೀಚೆ ನಿಂತು ಆ ಮೂರು ತಾಸು ಎಷ್ಟು ಹರಟಿದ್ದೇವೆ ಎಂದರೆ, ನನಗೆ ರೋಸ್ಟು ಅಂದರೆ ಅರ್ಧ ಆ ಹರಟೆಯೇ.

ಕಾಯಿಲೆ ಬಂದ ಮೇಲೆ ಅದೆಲ್ಲ ನಿಂತಿತು. ಹೋದ ತಿಂಗಳು ಒಂದು ಶನಿವಾರ, ಗಂಜಿಯ ಬಟ್ಟಲನ್ನು ದೂರ ಸರಿಸಿ ಇವರು, "ರೋಸ್ಟ್ ಮಾಡ್ತಿ ಏನು?" ಎಂದರು. ನನಗೆ ನಂಬಿಕೆ ಬರಲಿಲ್ಲ. ಅವರಾಗಿಯೇ ಇದು ಬೇಕು ಎಂದು ಕೇಳಿ ಎಷ್ಟು ದಿನವಾಗಿತ್ತು! ನಾಲ್ಕು ದಿನ ಬಿಟ್ಟು ಆಸ್ಪತ್ರೆಯಲ್ಲಿ ತೂಕ ನೋಡುವುದಿತ್ತು. ಅಂದೇ ಹೋಗಿ ಮಾಂಸ ತಂದೆ. ತಿಕ್ಕಿದೆ, ಇಟ್ಟೆ, ರವಿವಾರ ಬೆಳಿಗ್ಗೆ ಒಲೆಗೇರಿಸಿದೆ. ಈ ಸಲ ಮೂರು ತಾಸು ಸಾಲದು ಎಂದು ನಾಲ್ಕು ತಾಸು ಬೇಯಿಸಿದೆ. ಒಲೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತವಳು ನಡುವೆ ಎರಡು ಸಲ ತೂಕಡಿಸಿದೆ.

ಮಾಂಸ ಚಮಚಕ್ಕೇ ಹರಿಯುತ್ತಿತ್ತು. ಸಣ್ಣಗೆ ಎಳೆ ಬಿಡಿಸಿ, ರಸದಲ್ಲಿ ಕಲಸಿ ಕೊಟ್ಟೆ. ರುಚಿ ನೋಡಲು ಇವರನ್ನು ಮೊದಲೇ ಕರೆಯಬೇಕಿತ್ತು, ಅಡುಗೆಮನೆಯವರೆಗೆ ಎಬ್ಬಿಸಿ ತರಲು ಮನಸ್ಸಾಗಲಿಲ್ಲ. ಮೊದಲ ಚಮಚಕ್ಕೆ ಇವರ ಕಣ್ಣಲ್ಲಿ ನೀರು ತುಂಬಿತು. ತಾಯಿಯ ನೆನಪಾಗಿರಬೇಕು ಎಂದುಕೊಂಡೆ. "ಹೆಂಗೈತ್ರಿ?" ಎಂದೆ. "ಛಲೋ ಆಗೇತಿ," ಎಂದರು. ಬಟ್ಟಲು ಖಾಲಿ ಮಾಡಿದರು. ನಡುನಡುವೆ ನೀರು ಕುಡಿಯುತ್ತ, ಒಂದೊಂದು ತುತ್ತಿಗೂ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿಯುತ್ತ, ಪೂರ್ತಿ ಬಟ್ಟಲು. ನನಗೆ ಆದ ಸಂತೋಷಕ್ಕೆ ಹೋಗಿ ಶಮೀಮ್ ಆಪಾಗೆ ಕಿಟಕಿಯಲ್ಲೇ ಕೂಗಿ ಹೇಳಿದೆ.

ಇವರು ಮಲಗಿದ ಮೇಲೆ ಪಾತ್ರೆ ತೊಳೆಯಲು ಹೋದೆ. ತೊಳೆಯುವ ಕೆಲಸವೂ ಈಗ ನನ್ನದೇ. ಒಲೆಯ ಪಕ್ಕ ಉಪ್ಪಿನ ಡಬ್ಬಿ ಬಾಯಿ ತೆರೆದು ಕೂತಿತ್ತು. ಚಮಚ ಅದರಲ್ಲೇ ಇತ್ತು. ಉಪ್ಪು ಹಿಂದಿನ ಸಂಜೆಯೇ ಹಾಕಿದ್ದೆನಲ್ಲ, ಇದು ಇಲ್ಲಿ ಯಾಕೆ ಬಂತು? ಬಟಾಟೆ ಹಾಕುವಾಗ ನಿದ್ದೆಗಣ್ಣಿನಲ್ಲಿ ಮತ್ತೆ ಹಾಕಿದೆನೇ? ಎಷ್ಟು ಹಾಕಿದೆ? ನೆನಪೇ ಇಲ್ಲ. ಕೇಳೋಣವೆಂದರೆ, ಕೇಳಬೇಕಾದವರು ಛಲೋ ಆಗಿದೆ ಎಂದು ಹೇಳಿ ಮಲಗಿದ್ದಾರೆ.

ಪಾತ್ರೆಯ ತಳದಲ್ಲಿ ಒಂದು ಎಳೆ ಮಾಂಸ, ಒಂದು ಚಮಚದಷ್ಟು ರಸ ಉಳಿದಿತ್ತು. ಎಷ್ಟೋ ಹೊತ್ತು ಅದನ್ನೇ ನೋಡುತ್ತ ನಿಂತೆ. ಅಪ್ಪ, ವಿಭೂತಿ, ಶಿರಗುಪ್ಪಿ ಎಲ್ಲ ತಲೆಯಲ್ಲಿ ಬಂದುಹೋಯಿತು ಎಂದರೆ ಸುಳ್ಳಾದೀತು. ಉಪ್ಪು ಒಂದೇ ಇತ್ತು ತಲೆಯಲ್ಲಿ. ಬೆರಳಲ್ಲಿ ತೆಗೆದು ಬಾಯಿಗೆ ಹಾಕಿಕೊಂಡೆ.

ಬರೀ ಉಪ್ಪು. ನನ್ನ ನೆಟ್ಟಗಿರುವ ನಾಲಿಗೆಗೇ ತಡೆಯದಷ್ಟು. ಹುಣ್ಣಾದ ಬಾಯಿಗೆ ಅದು ಎಷ್ಟು ಉರಿದಿರಬೇಕು! ಆ ಕಣ್ಣೀರು ಅತ್ತೆಯ ನೆನಪಿಂದಲ್ಲ ಎಂಬುದು ಅಲ್ಲೇ ನಿಂತಲ್ಲೇ ತಿಳಿಯಿತು. ಮೋರಿಯ ಹತ್ತಿರ ಕೂತು ಅತ್ತುಬಿಟ್ಟೆ. ಸಿಟ್ಟಿಗೋ, ದಣಿವಿಗೋ, ಎರಡಕ್ಕೋ.

ಸಂಜೆ ಇವರು ಎದ್ದಾಗ ನೇರವಾಗಿ ಕೇಳಿದೆ. "ಉಪ್ಪಾಗಿತ್ತು. ಯಾಕ ಹೇಳ್ಲಿಲ್ರಿ?"

"ನಿನಗ ಹೆಂಗ ಗೊತ್ತಾತು?"

"ತಿಂದು ನೋಡಿದ್ನಿ."

ಇವರು ನನ್ನ ಮುಖವನ್ನೇ ನೋಡಿದರು. ಆಮೇಲೆ ತಲೆ ತಗ್ಗಿಸಿ, "ನನಗ ಉಪ್ಪು ಗೊತ್ತಾಗಲಿಲ್ಲ. ಉರೀತು, ಅಷ್ಟ. ನಾಲ್ಕು ತಿಂಗಳಾತು, ನಾಲಿಗಿಗೆ ಏನೂ ರುಚಿ ಹತ್ತವಲ್ದು. ಗಂಜಿನೂ ಅಷ್ಟ, ಮಣ್ಣೂ ಅಷ್ಟ," ಎಂದರು.

"ಮತ್ತ ರೋಸ್ಟ್ ಯಾಕ ಬೇಡಿದ್ರಿ?"

"ಗಂಜಿ ಹಿಡಕೊಂಡು ಬರೂವಾಗ ನಿನ್ನ ಮಾರಿ ನೋಡಾಕ ಆಗೂದಿಲ್ಲ ನನಗ. ರೋಸ್ಟಿನ ದಿನ ನೀ ಆಪಾನ ಕೂಡ ನಗತಿದ್ದಿ. ಅದೊಂದು ಕೇಳಬೇಕನ್ಸಿತ್ತು."

ಅಂದು ನಾನು ನಕ್ಕಿರಲಿಲ್ಲ, ತೂಕಡಿಸಿದ್ದೆ. ಮೂವತ್ತೊಂದು ವರ್ಷದ ಎಲ್ಲ ಛಲೋಗಳೂ ಹೀಗೆಯೇ ಇದ್ದವೇ ಎಂದು ಕೇಳಬೇಕೆಂದು ಬಾಯಿಗೆ ಬಂತು, ಕೇಳಲಿಲ್ಲ. ಮರುವಾರ ಆಸ್ಪತ್ರೆಯಲ್ಲಿ ತೂಕ ಇಳಿದಿರಲಿಲ್ಲ, ಏರಿಯೂ ಇರಲಿಲ್ಲ. "ಇನ್ನ ಒಂದು ತಿಂಗಳ ನೋಡೂಣು," ಎಂದರು ಡಾಕ್ಟರು.

ಆ ತಿಂಗಳು ಈ ವಾರ ಮುಗಿಯುತ್ತದೆ. ಇವತ್ತು ಮತ್ತೆ ರವಿವಾರ. ನಾದಿನಿಗೆ ಸ್ಲೋ ಕುಕ್ಕರ್ ಬೇಡ ಎಂದೆ. ಬಟನ್ ಒತ್ತಿ ಮಲಗಿದರೆ ಕಿಟಕಿಯಲ್ಲಿ ನಿಲ್ಲುವವರು ಯಾರು? ಇವತ್ತು ನಿಜವಾಗಿ ನಕ್ಕೆ; ಆಪಾ ಏನೋ ಹೇಳಿದರು, ಈಗ ನೆನಪಿಲ್ಲ. ಇವರು ಮಲಗಿದ್ದ ಒಳಗಿನ ಕೋಣೆಯ ಬಾಗಿಲು ತೆರೆದೇ ಇಟ್ಟಿದ್ದೆ.

ಊಟಕ್ಕೆ ಎರಡು ತಟ್ಟೆ ಹಾಕಿದೆ. ನನ್ನದರಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಅಂಚಿಗೆ ಒಂದೇ ಒಂದು ಸಣ್ಣ ತುಂಡು. ಅದು ನನಗೆ ಇನ್ನೂ ಸೇರುವುದಿಲ್ಲ, ಸೇರುವ ಆಸೆಯೂ ಇಲ್ಲ. ಇವರು ಮೊದಲ ತುತ್ತು ಬಾಯಲ್ಲಿಟ್ಟುಕೊಂಡು ನುಂಗದೆ ನನ್ನ ಕಡೆ ನೋಡಿದರು. ನಾನು ತುಂಡನ್ನು ಬಾಯಿಗೆ ಹಾಕಿಕೊಂಡು ಅಗಿದೆ.

"ಮೊದಲ ಹುಳಿ ಬರತೈತ್ರಿ," ಎಂದೆ. "ಆಮ್ಯಾಲೆ ಬೆಳ್ಳುಳ್ಳಿ. ಮೆಣಸು ಹಿಂದಿಂದ ಬರತೈತಿ, ಗಂಟಲಾಗ. ನೆಣ ಕರಗೇತಿ, ಅಗಿಯೂದ ಬ್ಯಾಡ."

ಇವರು ಕಣ್ಣು ಮುಚ್ಚಿ ನಿಧಾನವಾಗಿ ನುಂಗಿದರು.

"ಉಪ್ಪು?"

"ಸರಿ ಐತಿ," ಎಂದೆ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಅದು ನನಗೇ ಗೊತ್ತಿತ್ತು.