ಅರ್ಥ ಹೇಳುವ ಬಾಯಿ

ಶಿಕಾರಿಪುರದಿಂದ ಸೊರಬದ ಕಡೆಗೆ ಹೋಗುವ ಬಸ್ಸಿನಿಂದ ನಡುದಾರಿಯಲ್ಲಿ ಇಳಿದು ನೀಲಾಂಬಿಕಳ ಮನೆ ಯಾವುದೆಂದು ಕೇಳಿದರೆ ಊರವರು ಹಿಟ್ಟಿನ ಗಿರಣಿ ತೋರಿಸುತ್ತಾರೆ. ಮನೆ ಅದರ ಹಿಂದೆಯೇ ಇದೆ. ಗಂಡ ತೀರಿಕೊಂಡ ಮೇಲೆ ಗಿರಣಿ ಅವಳದೇ. ಬೆಲ್ಟು ಕಳಚಿದರೆ ತಾನೇ ಹಾಕುತ್ತಾಳೆ, ಕಲ್ಲು ಸವೆದರೆ ತಾನೇ ಉಳಿ ಹಿಡಿದು ಕೂರುತ್ತಾಳೆ. ಮೋಟಾರಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ದನಿ ಎಷ್ಟು ಗಟ್ಟಿಯಾಗಿದೆಯೆಂದರೆ, "ಮೊದ್ಲು ಅಕ್ಕಿ, ಖಾರ ಆಮ್ಯಾಲೆ" ಎಂದು ಒಳಗೆ ಹೇಳಿದ್ದು ಬಸ್‌ಸ್ಟಾಪಿನಲ್ಲಿ ಕೂತವರಿಗೂ ಕೇಳುತ್ತದೆ.

ಆ ದನಿ ಶ್ರಾವಣ ಬಂತೆಂದರೆ ಮಠದ್ದು. ಶ್ರಾವಣವಿಡೀ ಅಲ್ಲಿ ಪುರಾಣ, ಕಡೆಯ ದಿನ ಮಂಗಲ. ಹಳೆಯ ಪದ್ಯದ ಪುಸ್ತಕ, ಊರವರ ಬಾಯಲ್ಲಿ ಬರೀ ದೊಡ್ಡ ಪುರಾಣ. ಒಬ್ಬರು ಪದ್ಯ ಓದಬೇಕು, ಪಕ್ಕದಲ್ಲಿ ಕೂತ ಇನ್ನೊಬ್ಬರು ಅದರ ಅರ್ಥ ಹೇಳಬೇಕು. ಅರ್ಥ ಮುಗಿಯುವ ತನಕ ಓದುವವರು ಮುಂದಿನ ಪದ್ಯಕ್ಕೆ ಹೋಗುವಂತಿಲ್ಲ, ಅದು ಅಲ್ಲಿಯ ಪದ್ಧತಿ. ಓದುವವಳು ನೀಲಾಂಬಿಕ. ಅರ್ಥ ಹೇಳುವವರು ಹೈಸ್ಕೂಲಿನಿಂದ ನಿವೃತ್ತರಾದ ಶಿವಮೂರ್ತಪ್ಪ ಮೇಷ್ಟ್ರು.

ಅವಳನ್ನು ಆ ಜಾಗದಲ್ಲಿ ಕೂರಿಸಿದವರೂ ಮೇಷ್ಟ್ರೇ. ಮೊದಲು ಅವಳಪ್ಪ ಓದುತ್ತಿದ್ದ. ಅಪ್ಪ ಹೋದ ವರ್ಷ, ಇನ್ನು ಓದುವವರು ಯಾರು ಎಂದು ಊರು ತಲೆ ಕೆರೆದುಕೊಳ್ಳುತ್ತಿದ್ದಾಗ, ಹತ್ತನೇ ಕ್ಲಾಸಿನಲ್ಲಿ ಡುಮ್ಕಿ ಹೊಡೆದು ಗಿರಣಿ ಸೇರಿದ್ದ ಈ ಹೆಂಗಸನ್ನು ಅವರು ಕರೆತಂದರು. ಗದ್ದುಗೆಯ ಮುಂದೆ ಹೆಂಗಸು ಕೂತು ಓದುವುದೇ ಎಂದು ಹಿರಿಯರು ಮೂಗು ಮುರಿದರು. "ಪುಸ್ತಕಕ್ಕೆ ಗಂಡು ಹೆಣ್ಣು ಗೊತ್ತಿಲ್ಲ. ಗೊತ್ತಿರೋದು ನಿಮ್ಮಂಥೋರಿಗೆ" ಅಂದರು ಮೇಷ್ಟ್ರು. ಆ ಮಾತಿಗೆ ನೀಲಾಂಬಿಕ ಅವರ ಕಾಲು ಹಿಡಿದಿದ್ದಳು. ಹಿಡಿಯುವಂಥ ಮಾತೇ ಅದು, ಸುಳ್ಳು ಹೇಳಬಾರದು.

ಅರ್ಥ ಹೇಳುವುದರಲ್ಲಿ ಅವರ ಸಮ ಯಾರಿದ್ದರು? ಪುರಾಣದಲ್ಲಿ ಒಂದು ಕಡೆ ಅರಸನೊಬ್ಬ ಕುಂಬಾರನ ಬಾಗಿಲಲ್ಲಿ ಕಾಯುತ್ತ ನಿಲ್ಲುತ್ತಾನೆ. ಕುಂಬಾರ ಗಡಿಗೆ ಮುಗಿಸದೆ ಏಳುವುದಿಲ್ಲ. ಆ ಒಂದು ಪದ್ಯಕ್ಕೆ ಮೇಷ್ಟ್ರು ಒಂದಿಡೀ ಸಂಜೆ ಅರ್ಥ ಹೇಳಿದ್ದರು. "ಕಿರೀಟ ಬರ್ತದೆ, ಹೋಗ್ತದೆ. ತಿರುಗೋ ಚಕ್ರದ ಮುಂದೆ ಕೂತೋನು ಯಾರಿಗೂ ಏಳಬೇಕಾಗಿಲ್ಲ. ಕೆಲಸದಾಗೆ ಮುಳುಗಿದ ಮನುಷ್ಯ ಎಷ್ಟು ಎತ್ತರಕ್ಕೆ ಹೋಗಬಹುದು ಅಂತ ಈ ಪದ್ಯ ಹೇಳ್ತದೆ" ಎಂದಾಗ ಗಂಡಸರ ಕಣ್ಣಲ್ಲೂ ನೀರು. ಮಾರನೆಯ ದಿನ ಗಿರಣಿಗೆ ಪಂಚಾಯಿತಿ ಅಧ್ಯಕ್ಷ ಬಂದಾಗ ನೀಲಾಂಬಿಕ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಏಳಲಿಲ್ಲ. ಪುಸ್ತಕ ಒಬ್ಬರಿಗೆ ಕೊಡುವುದು ಇಂಥದ್ದನ್ನೇ.

ಈ ಊರಿಗೆ ಹರ್ಷವರ್ಧನ ಎಂಬೊಬ್ಬನಿದ್ದಾನೆ. ಕಂಟ್ರಾಕ್ಟರ್. ಮಠದ ಸೇವಾ ಸಮಿತಿಯ ಅಧ್ಯಕ್ಷನೂ ಹೌದು. ಊರ ಕೆರೆಯ ಅಂಗಳಕ್ಕೆ ಟಿಪ್ಪರ್‌ಗಟ್ಟಲೆ ಮಣ್ಣು ಸುರಿಸಿ ಸೈಟು ಮಾಡಿದ. ಕೆಳಗಿನ ಗದ್ದೆಯವರು ನೀರಿಲ್ಲದೆ ಬಾಯಿ ಬಿಟ್ಟರೆ, ಮಠಕ್ಕೆ ಗ್ರಾನೈಟ್ ಹಾಸಿಸಿ ಅವರ ಬಾಯಿ ಮುಚ್ಚಿಸಿದ. ನುಣ್ಣನೆಯ ನೆಲದ ಮೇಲೆ ಕೂತವರಿಗೆ ಕೆರೆಯ ನೆನಪಾಗುವುದಿಲ್ಲ ನೋಡಿ. ಇಷ್ಟು ಮಾಡಿದವನಿಗೆ ಐವತ್ತು ತುಂಬಿದ ಹೊತ್ತಿಗೆ ಅಭಿನಂದನ ಗ್ರಂಥ ಬೇಡವೇ? ಆಯಿತು, ಗ್ರಂಥವೂ ಆಯಿತು. ಅದರ ಹೆಸರು ಇಲ್ಲಿ ಬೇಡ, ಹೇಳಿದರೆ ಬಾಯಿ ಮುಕ್ಕಳಿಸಬೇಕಾಗುತ್ತದೆ.

ಶ್ರಾವಣ ಮುಗಿಯುವ ವಾರ ಮೇಷ್ಟ್ರು ಆ ದಪ್ಪ ಪುಸ್ತಕ ಹಿಡಿದು ಗಿರಣಿಗೆ ಬಂದರು. ನೀಲಾಂಬಿಕ ಮೋಟಾರು ನಿಲ್ಲಿಸಿದಳು.

"ನೀಲವ್ವ, ಮಂಗಲದ ದಿನ ಇದರಾಗಿನ ಒಂದು ಅಧ್ಯಾಯ ಓದ್ಬೇಕಂತೆ. ಸಮಿತಿಯೋರು ಹೇಳಿದಾರೆ" ಎಂದರು.

"ಪುರಾಣದ ಪೀಠದ ಮ್ಯಾಲೆ ಇಟ್ಟು ಓದೋದೇನ್ರಿ?"

"ಅಲ್ಲೇ."

"ಯಾರ್ರಿ ಬರೆದೋರು ಇದನ್ನ?"

ಮೇಷ್ಟ್ರು ಹೆಗಲ ಮೇಲಿನ ಹಿಟ್ಟು ಕೊಡವಿಕೊಂಡರು. ಹೆಗಲ ಮೇಲೆ ಹಿಟ್ಟೇನೂ ಇರಲಿಲ್ಲ. "ನಾನೇ" ಎಂದರು.

ಆಮೇಲೆ ಎಲ್ಲವನ್ನೂ ಹೇಳಿದರು. ಹರೆಯದಿಂದ ಬರೆದ ಪದ್ಯಗಳು ಟ್ರಂಕಿನಲ್ಲಿವೆ, ಗೆದ್ದಲು ಹತ್ತುತ್ತಿದೆ. ಅಚ್ಚು ಹಾಕಿಸಿಕೊಡುತ್ತೇನೆಂದು ಹರ್ಷವರ್ಧನ ಮಾತು ಕೊಟ್ಟಿದ್ದಾನೆ. "ನಾನು ಸತ್ತ ಮೇಲೆ ಅವನ್ನ ಒಲಿಗೆ ಹಾಕ್ತಾರವ್ವ. ಇದೊಂದು ಬರೆದುಕೊಟ್ಟೆ ಅಂದ್ರೆ ಅವು ಉಳೀತಾವೆ." ಪಾಪ ಎನಿಸಿತು ಅವಳಿಗೆ. ಮರುಕ್ಷಣ ಪುಸ್ತಕ ತೆರೆದು ನಾಲ್ಕು ಸಾಲು ಓದಿದಳು. ಪಾಪ ಎನಿಸಿದ್ದು ಅಲ್ಲಿಗೇ ಹೋಯಿತು. ಕುಂಬಾರನಿಗೆ ಹೇಳಿದ ಮಾತುಗಳನ್ನೇ ಎತ್ತಿ ಈ ಕೆರೆಗಳ್ಳನಿಗೆ ತೊಡಿಸಿದ್ದರು.

ಓದುವುದಿಲ್ಲ ಎಂದುಬಿಡಬಹುದಿತ್ತು. ಅಂದರೆ ಮರುದಿನವೇ ಸಮಿತಿ ಬೇರೆಯವರನ್ನು ಕೂರಿಸುತ್ತಿತ್ತು, ಅಪ್ಪನಿಂದ ಬಂದ ಓದು ಕೈಬಿಡುತ್ತಿತ್ತು. ಅದಕ್ಕಿಂತ ಮುಖ್ಯವಾಗಿ ಅವಳಿಗೆ ಮೇಷ್ಟ್ರು ಬೇಕಾಗಿದ್ದರು. ಸಾಲು ತಪ್ಪಿದ ಎತ್ತನ್ನು ಹಗ್ಗ ಎಳೆದು ತರುವ ಹಾಗೆ ಅವರನ್ನು ತರಬಹುದೆಂದು ಅವಳು ನಂಬಿದಳು.

"ಓದ್ತೀನ್ರಿ" ಎಂದಳು. "ಆದ್ರೆ ಪೀಠದ ಮ್ಯಾಲೆ ಓದೋದಂದ್ರೆ ಪುರಾಣದ ಪದ್ಧತೀನೇ. ನಾನು ಓದಿ ನಿಲ್ಲಿಸ್ತೀನಿ. ನೀವು ಅರ್ಥ ಹೇಳ್ಬೇಕು."

ಮೇಷ್ಟ್ರು ಹೂಂ ಅಂದರು. ಇಡೀ ಊರಿನ ಮುಂದೆ, ಒಣಗಿದ ಗದ್ದೆಯವರ ಮುಂದೆ, ಆ ಸುಳ್ಳಿಗೆ ಅವರು ಅರ್ಥ ಹೇಳಲಾರರು, ನಾಲಿಗೆ ತಡವರಿಸುತ್ತದೆ, ನಾಚಿ ಸುಮ್ಮನಾಗುತ್ತಾರೆ. ಅಲ್ಲಿಗೆ ಪೀಡೆ ಕಳೆಯಿತು. ಇದು ಅವಳ ಲೆಕ್ಕ.

ಮಂಗಲದ ದಿನ ಬೆಳಿಗ್ಗೆ ಮಠ ತುಂಬಿತ್ತು. ಹಿಂದೆ ಹಂಡೆಯಲ್ಲಿ ಗೋಧಿ ಹುಗ್ಗಿ ಕುದಿಯುತ್ತಿತ್ತು. ಹರ್ಷವರ್ಧನ ಜರಿ ಶಲ್ಯ ಹೊದ್ದು ಗದ್ದುಗೆಯ ಪಕ್ಕದಲ್ಲೇ, ತಾನೇ ಅರ್ಧ ದೇವರೆಂಬಂತೆ ಕೂತಿದ್ದ. ನೀಲಾಂಬಿಕ ಪುಸ್ತಕವನ್ನು ಪೀಠದ ಮೇಲಿಟ್ಟಳು. ಓದುವ ಮುಂಚೆ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುವುದು ರೂಢಿ. ಅವಳು ಒತ್ತಿಕೊಳ್ಳಲಿಲ್ಲ. ಗಿರಣಿಯ ದನಿಯಲ್ಲಿ ಮೊದಲ ಸಾಲು ಓದಿದಳು: "ಈ ಮಹನೀಯರು ಹುಟ್ಟಿದ ದಿನ ಊರ ಕೆರೆ ತುಂಬಿ ಕೋಡಿ ಹರಿಯಿತು."

ಓದಿ ನಿಲ್ಲಿಸಿ ಮೇಷ್ಟ್ರ ಕಡೆ ತಿರುಗಿದಳು. ಕೆರೆ ಎಂಬ ಮಾತು ಕೇಳಿ ಹಿಂದೆ ಕೂತಿದ್ದ ಉಚ್ಚಂಗಪ್ಪ ತಲೆ ಎತ್ತಿದ. ಕೆರೆ ಕೆಳಗಿನ ಅವನ ಗದ್ದೆ ಬೀಳು ಬಿದ್ದು ಎರಡು ವರ್ಷವಾಗಿತ್ತು. ಮೇಷ್ಟ್ರು ಕಣ್ಣು ಮುಚ್ಚಿದರು.

ಮೇಷ್ಟ್ರು ಕಣ್ಣು ಬಿಟ್ಟು ಅರ್ಥ ಹೇಳಿದರು.

ಎಂಥ ಅರ್ಥ ಅದು! ನೀರು ತನ್ನ ಒಡೆಯನನ್ನು ಗುರುತಿಸುತ್ತದೆ ಎಂದರು. ಕೆರೆ ಕೋಡಿ ಬೀಳುವುದೆಂದರೆ ಎಲ್ಲೆ ಮೀರುವುದು, ಎಲ್ಲೆ ಮೀರಿ ಬೆಳೆಯುವ ಶಕ್ತಿ ಕೆಲವು ಮನುಷ್ಯರಲ್ಲಿ ಮಾತ್ರ ಇರುತ್ತದೆ ಎಂದರು. ಕೆರೆ ಇಂದು ಬತ್ತಿದ್ದರೆ ಅದು ಬತ್ತಿದ್ದಲ್ಲ, ಅವರೊಳಗೆ ಹರಿದು ಸೇರಿಕೊಂಡದ್ದು ಎಂದರು. ಕುಂಬಾರನ ಸಂಜೆಯ ಅದೇ ಏರಿಳಿತ, ಅದೇ ಕೈಯ ತಿರುವು, ಗಂಟಲು ತುಂಬಿ ಬರುವ ಕಡೆ ಅದೇ ತಡೆ. ಒಂದು ಕಡೆಯೂ ತಡವರಿಸಲಿಲ್ಲ. ಜನ ತಲೆದೂಗಿದರು. ಅದನ್ನಾದರೂ ಸಹಿಸಬಹುದಿತ್ತು. ಉಚ್ಚಂಗಪ್ಪ ಶಲ್ಯದಿಂದ ಕಣ್ಣೊರೆಸಿಕೊಂಡ! ಗದ್ದೆ ಕಳೆದುಕೊಂಡವನಿಗೆ ಕಳ್ಳನ ಮಹಿಮೆ ಕೇಳಿ ಕಣ್ಣೀರು. ಥೂ.

ನೀಲಾಂಬಿಕಳಿಗೆ ಮೈಯೆಲ್ಲ ಜಿಗುಟಾದಂತಾಯಿತು. ಹರ್ಷವರ್ಧನನ ಮೇಲೆ ಅವಳಿಗೆ ಅಷ್ಟು ಹೇಸಿಗೆಯಿರಲಿಲ್ಲ, ಅವನಿಂದ ಅವಳು ಏನನ್ನೂ ಪಡೆದಿರಲಿಲ್ಲ. ಈ ಬಾಯಿಂದ ಪಡೆದಿದ್ದಳು. ಹಾಗಾದರೆ ಅಂದಿನ ಕುಂಬಾರನೂ ಬರೀ ಬಾಯಿಯ ಚಳಕವೇ? ಖಾರ ಬೀಸಿದ ಕಲ್ಲಿಗೆ ಅಕ್ಕಿ ಸುರಿದರೆ ಹಿಟ್ಟೆಲ್ಲ ಘಾಟು ಹಿಡಿಯುತ್ತದೆ. ಹಿಂದೆ ಕೇಳಿದ್ದೆಲ್ಲ ಹಾಗೆ ಘಾಟು ಹಿಡಿಯಿತು ಅವಳಿಗೆ.

ಅವಳು ಆ ಪುಸ್ತಕ ಮುಚ್ಚಿ ಕೆಳಗಿಟ್ಟಳು. ದೊಡ್ಡ ಪುರಾಣವನ್ನು ಅದಕ್ಕೆ ಸುತ್ತಿದ್ದ ಬಟ್ಟೆಯಿಂದ ಬಿಚ್ಚಿ ತೆಗೆದು, ಕಣ್ಣಿಗೊತ್ತಿಕೊಂಡು, ಮಂಗಲದ ಪದ್ಯ ಓದಿದಳು. ಮೇಷ್ಟ್ರು ಅಭ್ಯಾಸದಂತೆ ಗಂಟಲು ಸರಿಮಾಡಿಕೊಂಡರು.

"ಅರ್ಥ ಬ್ಯಾಡ್ರಿ ಮೇಷ್ಟ್ರೆ" ಎಂದಳು, ಪುಸ್ತಕದಿಂದ ಕಣ್ಣೆತ್ತದೆ. "ನಿಮ್ಮ ಬಾಯಿಂದ ಬ್ಯಾಡ."

ಮುಂದಿನ ಪದ್ಯಕ್ಕೆ ಹೋದಳು. ಅದರ ಮುಂದಿನದಕ್ಕೂ. ಪದ್ಧತಿ ಮುರಿಯಿತೆಂದು ಯಾರೋ ಗೊಣಗಿದರು, ಆದರೆ ಆ ದನಿಯ ಮೇಲೆ ದನಿ ಎತ್ತುವವರು ಊರಲ್ಲಿ ಯಾರಿದ್ದಾರೆ? ಮೇಷ್ಟ್ರು ಕೈ ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದರು. ಹುಗ್ಗಿ ಉಂಡು ಜನ ಮನೆಗೆ ಹೋದರು.

ಮುಂದಿನ ಶ್ರಾವಣಕ್ಕೆ ಸಮಿತಿ ಅವಳನ್ನು ಕರೆಯಲಿಲ್ಲ. ಹೊರಗಿನಿಂದ ಯಾರನ್ನೋ ತಂದು ಓದಿಸಿದರು. ಅವಳು ಆ ಹೊತ್ತಿಗೆ ಗಿರಣಿ ತೆರೆದಿಟ್ಟಳು.

ದೀಪಾವಳಿ ಕಳೆದ ಮೇಲೊಂದು ಮಧ್ಯಾಹ್ನ ಮೇಷ್ಟ್ರು ಬಂದರು. ಇಳಿದುಹೋಗಿದ್ದರು. ಕೈಯಲ್ಲಿ ತೆಳ್ಳಗಿನ ಪುಸ್ತಕ, ಅವರ ಪದ್ಯಗಳದ್ದು. ಹರ್ಷವರ್ಧನ ಮಾತು ಉಳಿಸಿಕೊಂಡಿದ್ದ. ಮೊದಲ ಪುಟದಲ್ಲಿ ಅವನದೇ ಕೈಮುಗಿದ ಫೋಟೋ ಇತ್ತು.

"ಒಂದೇ ಒಂದು ಓದವ್ವ" ಎಂದರು. "ಈಚಿನವನ್ನ ಬರೀವಾಗೆಲ್ಲ ನಿನ್ನ ದನೀನೇ ಕಿವಿಯಾಗೆ ಇತ್ತು. ಒಂದ್ಸಲ ಕೇಳ್ಬೇಕು."

ನೀಲಾಂಬಿಕ ಕೈಯ ಹಿಟ್ಟು ಒರೆಸಿಕೊಂಡು ಪುಸ್ತಕ ತೆಗೆದುಕೊಂಡಳು. ಫೋಟೋ ದಾಟಿ ಹಾಳೆ ತಿರುವಿ ತುಟಿ ಅಲುಗಿಸದೆ ಒಂದು ಪದ್ಯ ಓದಿದಳು. ಕೆಟ್ಟದಾಗಿರಲಿ ಎಂದು ಬೇಡಿಕೊಂಡೇ ಓದಿದಳು. ಕೆಟ್ಟದಾಗಿದ್ದರೆ ಎಷ್ಟು ಹಗುರವಾಗುತ್ತಿತ್ತು. ಹಾಳಾದ್ದು, ಪದ್ಯ ಚೆನ್ನಾಗಿತ್ತು. ಮಳೆ ಬಾರದ ವರ್ಷ ಕೆರೆಗೆ ಬಂದು ಬರಿಗೊಡ ಹೊತ್ತು ಮರಳುವ ಹುಡುಗಿಯೊಬ್ಬಳ ಪದ್ಯ. ಮತ್ತೊಮ್ಮೆ ಓದಿದಳು. ಇದನ್ನು ಬರೆದ ಕೈಯೇ ಆ ಗ್ರಂಥವನ್ನೂ ಬರೆಯಿತಲ್ಲ ಎಂದು ಹೇಸಿಗೆ ಇಮ್ಮಡಿಯಾಯಿತು.

"ಚೆನ್ನಾಗೈತ್ರಿ ಮೇಷ್ಟ್ರೆ" ಎಂದಳು. ಅದು ನಿಜ, ನಿಜವನ್ನು ಅವಳು ಬಚ್ಚಿಡಲಿಲ್ಲ.

ಮುದುಕರ ಮುಖ ಅರಳಿತು. "ಹಂಗಾರೆ ಗಟ್ಟಿಯಾಗಿ ಓದು."

ಅವಳು ಪುಸ್ತಕವನ್ನು ಅವರ ಕೈಗೆ ವಾಪಸು ಕೊಟ್ಟಳು. ಎದ್ದು ಹೋಗಿ ಮೋಟಾರಿನ ಸ್ವಿಚ್ಚು ಹಾಕಿದಳು. ಬೆಲ್ಟು ತಿರುಗಿತು, ಕಲ್ಲು ಗುಡುಗಿತು. ಮೇಷ್ಟ್ರು ಇನ್ನೂ ಏನೋ ಹೇಳುತ್ತಿದ್ದರು, ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ಅವಳು ಯಾರದೋ ಜೋಳದ ಡಬ್ಬಿ ಎತ್ತಿ ಗಿರಣಿಗೆ ಸುರಿದಳು.