ದೋನಾ ಎತೆಲ್ವೀನಾಳ ಎಣ್ಣೆಡಬ್ಬಿ

ಲಿಸ್ಬನ್ನಿನ ಬಳಿಯ ಸಿಂತ್ರಾದ ಅರಮನೆಗಳಿಗೆ ಹತ್ತುವ ದಾರಿಯಲ್ಲಿ ನನ್ನದು ಕಾರ್ಕ್ ತೊಗಟೆಯ ಚೀಲಗಳ ಅಂಗಡಿ. ಗೋಡೆಯಾಚೆ ದೋನಾ ಎತೆಲ್ವೀನಾಳ ಊಟದ ಮನೆ. ಈ ಹೆಂಗಸು ಜನ್ಮದಲ್ಲಿ ಯಾರನ್ನೂ ನಂಬಿದವಳಲ್ಲ. ಮೀನಿನವನ ಎದುರೇ ಮೀನು ಮೂಸುತ್ತಾಳೆ. ಪಾದ್ರಿ ಆಶೀರ್ವಾದ ಮಾಡಿದರೆ, ಈತನಿಗೇನು ಬೇಕಾಗಿದೆಯೋ ಎಂದು ನೋಡುತ್ತಾಳೆ. ನಾನಂತೂ ನೆರೆಯವನು, ವ್ಯಾಪಾರಿ ಬೇರೆ; ಅವಳಿಗೆ ಎರಡು ಕಣ್ಣು ಸಾಲದು.

ಅವಳ ಬಲವೂ ಭಯವೂ ಒಂದೇ, ಅಣ್ಣನ ತೋಟದ ಆಲಿವ್ ಎಣ್ಣೆ. ಮೇಜಿನ ಮೇಲೆ ಮೊಹರಿನ ಕಂಪನಿ ಶೀಶೆಯೇ ಇರಬೇಕೆಂದು ಕಾನೂನು. ಇವಳದು ಹೆಸರಿಲ್ಲದ ತಗಡಿನ ಡಬ್ಬಿಯಿಂದ ಗಾಜಿನ ಹೂಜಿಗೆ ಬಗ್ಗಿಸಿದ್ದು. ಹೋದ ವರ್ಷ ತಪಾಸಣೆಯವರು ಹೇಳಿಹೋಗಿದ್ದರು: ಇನ್ನೊಮ್ಮೆ ಕಂಡರೆ ಬಾಗಿಲು ಮುಚ್ಚಿಸುತ್ತೇವೆ. ಹೂಂ ಎಂದಳು, ಹೂಜಿ ಬಿಡಲಿಲ್ಲ. ಬಿಟ್ಟರೆ ಅವಳ ಉಪ್ಪುಮೀನು ಬೀದಿಯವರೆಲ್ಲರ ಉಪ್ಪುಮೀನಾಗುತ್ತದೆ.

ಬೆಟ್ಟಕ್ಕೆ ಮಂಜು ಕವಿದಿದ್ದ ಒಂದು ಮಧ್ಯಾಹ್ನ ಹಿಂಬಾಗಿಲಿನಿಂದ ನನ್ನಲ್ಲಿಗೆ ಬಂದಳು.

"ಬಾಲ್ತಜಾರ್, ಒಬ್ಬ ಒಂಟಿ ಗಂಡಸು ಬಂದು ಕೂತಿದಾನೆ."

"ಕೂರ್ಲಿ ಬಿಡಿ. ನೀವೂ ಒಂಟಿ."

"ಹಲ್ಲು ಕಿರೀಬೇಡ. ಬೆನ್ನಿಗೆ ಚೀಲ, ಕುತ್ತಿಗೇಲಿ ಕ್ಯಾಮೆರಾ, ಎಲ್ಲಾ ಪ್ರವಾಸಿ ವೇಷ. ಆದ್ರೆ ಬ್ರೆಡ್ಡು, ಚೀಸು ಇಟ್ರೆ, ತಲೇನೂ ಎತ್ತದೆ 'ತಗೊಂಡ್ಹೋಗಿ' ಅಂದ!"

ಸಾಕ್ಷಿ ಗಟ್ಟಿಯಾಗಿಯೇ ಇತ್ತು. ಕೇಳದೆ ಮೇಜಿಗೆ ಬಂದದ್ದನ್ನು ಪರದೇಶದವರು ಪುಕ್ಕಟೆಯೆಂದು ತಿಂದು, ಬಿಲ್ಲು ಬಂದಾಗ ಜಗಳ ತೆಗೆಯುತ್ತಾರೆ. ಮುಟ್ಟದೆ ವಾಪಸು ಕಳಿಸುವವನು ನಮ್ಮವನೇ. ನಮ್ಮವನಾದವನು ಲಿಸ್ಬನ್ನಿನಿಂದ ಅರಮನೆ ನೋಡಲು ಒಬ್ಬನೇ ರೈಲು ಹತ್ತುತ್ತಾನೆಯೇ? ಚಿಕ್ಕವನಿದ್ದಾಗ ಮೇಷ್ಟರು ಕರೆತರುತ್ತಾರೆ, ದೊಡ್ಡವನಾದ ಮೇಲೆ ನೆಂಟರು ಎಳೆತರುತ್ತಾರೆ. ಹಾಗಾದರೆ ಇವನು ವೇಷ ಹಾಕಿದ ತಪಾಸಣೆಯವನೇ.

"ಹೂಜಿ ಎಲ್ಲಿ?"

"ಒಲೆ ಹಿಂದೆ."

ಕಾಫಿಯ ನೆಪದಲ್ಲಿ ಹೋಗಿ ಪಕ್ಕದ ಮೇಜಿಗೆ ಕೂತೆ. ಆತ ಚೀಲದ ಪಟ್ಟಿಯನ್ನು ಕಾಲಿಗೆ ಸುತ್ತಿಕೊಂಡಿದ್ದ. ನನ್ನನ್ನು ಕಂಡು ಇನ್ನೊಂದು ಸುತ್ತು ಸುತ್ತಿದ.

"ಅರಮನೆ ನೋಡಿದ್ರಾ, ಸೆನ್ಯೋರ್?"

"ಬೆಟ್ಟದ ಮೇಲಿರೋದು ನೋಡ್ದೆ. ಮಂಜಲ್ಲಿ ಒಂದು ಹಳದಿ ಗೋಡೆ ಕಾಣಿಸ್ತು. ಮಿಕ್ಕಿದ್ದೂ ಅಲ್ಲೇ ಇದೆ ಅಂತ ಟಿಕೆಟ್ ಕೊಟ್ಟೋರು ಹೇಳಿದ್ರು."

"ಒಬ್ರೇ ಬಂದ್ರಾ?"

"ಯಾಕೆ, ಇಬ್ರಿದ್ರೆ ಕಾಣಿಸ್ತಿತ್ತಾ?"

ಎತೆಲ್ವೀನಾ ಮೀನಿನ ತಟ್ಟೆ ತಂದಿಟ್ಟಳು, ಪಕ್ಕದಲ್ಲಿ ಮೊಹರಿನ ಶೀಶೆ. ಆತ ಮುಚ್ಚಳ ತಿರುಚಿ ಸುರಿದುಕೊಂಡು ಒಂದು ತುತ್ತು ತಿಂದ, ಫೋರ್ಕು ಕೆಳಗಿಟ್ಟ.

"ಮೀನು ಚೆನ್ನಾಗಿದೆ ಅಮ್ಮಾ. ಈ ಎಣ್ಣೇನ ಬಾಗಿಲ ಕೀಲಿಗೆ ಬಿಡಿ."

ಅವಳ ಮುಖ ಕೆಂಪೇರಿತು. ಅವಳ ತಟ್ಟೆಯನ್ನು ಈವರೆಗೆ ಯಾರೂ ಅರ್ಧಕ್ಕೆ ಬಿಟ್ಟದ್ದಿಲ್ಲ. ಬೇಡ, ಬೇಡ ಎಂದು ನಾನು ಕಣ್ಸನ್ನೆ ಮಾಡಿದೆ. ಕೇಳುವ ಹೆಂಗಸೇ! ಒಳಗೆ ಹೋದವಳು ಹೂಜಿ ತಂದು ಠಕ್ಕನೆ ಕುಕ್ಕಿದಳು.

"ಇದು ನಮ್ಮಣ್ಣನ ಮನೇದು. ಬರ್ಕೊಳ್ಳೋದಿದ್ರೆ ತಿಂದ್ಮೇಲೆ ಬರ್ಕೊಳ್ಳಿ."

ಆತ ಹೂಜಿಯನ್ನು ನೋಡಿದ, ಅವಳನ್ನು ನೋಡಿದ, ಸುರಿದುಕೊಂಡ. ತುತ್ತಿನ ಮೇಲೆ ತುತ್ತು ತಿಂದ. ಸ್ವಲ್ಪ ಹೊತ್ತಿಗೆ, "ಆ ಬ್ರೆಡ್ಡು ವಾಪಸ್ ತನ್ನಿ" ಎಂದ. ತಟ್ಟೆ ಕನ್ನಡಿಯಾಯಿತು.

ಏಳುವಾಗ ಕಾಲಿನ ಪಟ್ಟಿ ಬಿಚ್ಚುತ್ತ, ದನಿ ತಗ್ಗಿಸಿ ಹೇಳಿದ: "ನಿಮ್ಮ ಅನುಮಾನ ಸರಿ ಅಮ್ಮಾ, ನಾನು ತಪಾಸಣೆಯೋನೇ. ಆದ್ರೆ ಇವತ್ತು ರಜ. ರಜದಲ್ಲಿ ನಾನು ಅರಮನೆ ಮಾತ್ರ ನೋಡೋದು, ಅದೂ ಕಾಣ್ಲಿಲ್ಲ. ಗುರುವಾರ ನಮ್ಮೋರು ಈ ಬೀದಿಗೆ ಬರ್ತಾರೆ. ಅವರಿಗೆ ರಜ ಇಲ್ಲ."

ಆತ ತಿರುವು ದಾಟುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು. "ಗುರುವಾರ ಅಂದ ಅಂದ್ರೆ ಬುಧವಾರಾನೇ ಬರ್ತಾರೆ," ಎಂದಳು. ಆ ಸಂಜೆಯೇ ಡಬ್ಬಿ ನನ್ನ ಚೀಲಗಳ ರಾಶಿಯೊಳಗೆ ಸೇರಿತು.

ಅವರು ಬಂದದ್ದು ಗುರುವಾರವೇ. ಮೇಜುಮೇಜಿಗೂ ಮೊಹರಿನ ಶೀಶೆ ಕಂಡು ಹೋದರು. ಬೀದಿ ಖಾಲಿಯಾದ ಮೇಲೆ ಎತೆಲ್ವೀನಾ ಡಬ್ಬಿಗಾಗಿ ಬಂದಳು.

"ಇನ್ನಾದ್ರೂ ಮನುಷ್ಯರನ್ನ ನಂಬಿ, ದೋನಾ ಎತೆಲ್ವೀನಾ," ಎಂದೆ.

ಅವಳು ಮುಚ್ಚಳ ತೆಗೆದಳು. ಎಣ್ಣೆಯ ಮಟ್ಟಕ್ಕೆ ಅವಳು ಒಳಗೆ ಮೊಳೆಯಿಂದ ಗೀರಿಟ್ಟಿದ್ದ ಗುರುತೊಂದು ಆಗ ನನ್ನ ಕಣ್ಣಿಗೆ ಬಿತ್ತು. ಎಣ್ಣೆ ಸರಿಯಾಗಿ ಅಲ್ಲಿಗೇ ನಿಂತಿತ್ತು. ನಾನು ಎದೆ ಉಬ್ಬಿಸಿದೆ. ಅವಳು ಬೆರಳದ್ದಿ ನೆಕ್ಕಿ, ನನ್ನ ಮುಖವನ್ನೇ ದಿಟ್ಟಿಸಿದಳು.

"ಕದ್ದಷ್ಟನ್ನ ತುಂಬೋಕೆ ಯಾವ ಎಣ್ಣೆ ಬೆರೆಸ್ದೆ, ಬಾಲ್ತಜಾರ್?"